ಯಮನವ್ವನ ಕುತ್ತಿಗೆ, ತಾರಣ್ಣನ ಕೈ

ಪರ್ಕಳದ ಪೇಟೆಯಲ್ಲಿ ನಿಂತು ತಾರಣ್ಣನ ಸೆಲೂನ್ ಎಲ್ಲಿ ಎಂದು ಕೇಳಿದರೆ ಜನ ಕೈ ತೋರಿಸುವ ಮೊದಲು ಕುತ್ತಿಗೆ ತೋರಿಸುತ್ತಿದ್ದರು. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ನಾಲಗೆಯಲ್ಲಿ ಟಕ್ ಎಂದು ಸದ್ದು ಮಾಡಿ, "ನೆಟಿಗೆ ತೆಗೆಯುವ ತಾರಣ್ಣ ಅಲ್ವಾ? ಸೀದಾ ಹೋಗಿ, ಬಲಬದಿಯಲ್ಲಿ ಉಂಟು" ಎನ್ನುತ್ತಿದ್ದರು. ಕೂದಲು ಕತ್ತರಿಸುವುದಕ್ಕೆ ಯಾರಾದರೂ ಆದೀತು. ಆದರೆ ಕಟಿಂಗ್ ಮುಗಿದ ಮೇಲೆ ಗಲ್ಲಕ್ಕೊಂದು ಕೈ, ಹಿಂದಲೆಗೊಂದು ಕೈ ಕೊಟ್ಟು, ಗಿರಾಕಿ ಉಸಿರು ಬಿಡುವುದನ್ನೇ ಕಾದು, ಒಂದೇ ಏಟಿಗೆ ಕುತ್ತಿಗೆ ತಿರುಗಿಸಿ ಲಟಲಟ ಎನಿಸುವುದಕ್ಕೆ ತಾರಣ್ಣನೇ ಬೇಕು. ಮಣಿಪಾಲದಿಂದ ಆಫೀಸಿನವರು ಸ್ಕೂಟರ್ ಹಾಕಿಕೊಂಡು ಬರುತ್ತಿದ್ದರು. ನೆಟಿಗೆ ಬಿದ್ದ ಕೂಡಲೇ ಕಣ್ಣು ಮುಚ್ಚಿ "ಹಾ, ಈಗ ಜೀವ ಬಂತು ಮಾರಾಯ" ಎನ್ನುವುದು, ತಾರಣ್ಣ ಟವೆಲ್ ಕೊಡವಿ "ನೆಕ್ಸ್ಟ್" ಎನ್ನುವುದು. ಭಾನುವಾರವೆಲ್ಲ ಇದೇ ಕತೆ.

ತಾರಣ್ಣ ಎಂದರೆ ತಾರಾನಾಥ. ಹುಟ್ಟಿದ್ದು ಕಾಪುವಿನಲ್ಲಿ. ಅಪ್ಪ ಮನೆಮನೆಗೆ ಹೋಗಿ ಜಗಲಿಯಲ್ಲಿ ಕೂತು ಕ್ಷೌರ ಮಾಡುತ್ತಿದ್ದವರು. ಮಗ ಇಪ್ಪತ್ತರ ಪ್ರಾಯಕ್ಕೆ ಪರ್ಕಳಕ್ಕೆ ಬಂದು ಒಂದು ಕುರ್ಚಿ, ಗೋಡೆಯಗಲದ ಒಂದು ಕನ್ನಡಿ, ಕಾಯುವವರಿಗೆ ಒಂದು ಬೆಂಚು ಹಾಕಿ ಅಂಗಡಿ ತೆರೆದ. ಹೆಂಡತಿ ಕುಶಲಾ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ಹೀಗೆ ಹದಿನೆಂಟು ವರ್ಷ ಯಾರ ಹಂಗಿಲ್ಲದೆ ಕಳೆಯಿತು.

ಎಂತ ಹೇಳುವುದು ಮಾರಾಯ್ರೆ, ಊರಿನವರ ಕುತ್ತಿಗೆಯನ್ನೆಲ್ಲ ಸರಿ ಮಾಡುವವನ ಕುತ್ತಿಗೆಯೇ ಸರಿ ಇರಲಿಲ್ಲ. ನಮ್ಮ ಕರಾವಳಿಯ ಚಳಿ ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ನಗಲಿ. ಡಿಸೆಂಬರ್ ಬಂತೆಂದರೆ ಬೆಳಿಗ್ಗೆ ಹೆಬ್ರಿಯ ಕಡೆಯಿಂದ ಒಂದು ಒಣ ಗಾಳಿ ಬೀಸುತ್ತದೆ ನೋಡಿ, ಅದು ನೇರ ಹಿಂದಲೆಗೇ ಬಂದು ಕೂತುಕೊಳ್ಳುತ್ತದೆ. ಮಧ್ಯಾಹ್ನ ಬೆವರು, ಬೆವರಿನ ಮೇಲೆ ಫ್ಯಾನು, ಸಂಜೆ ಮತ್ತೆ ಗಾಳಿ. ತಾರಾನಾಥನಿಗೆ ಮೊದಲು ಭುಜ ಬಿಗಿಯುತ್ತಿತ್ತು, ಆಮೇಲೆ ಕುತ್ತಿಗೆ, ಆಮೇಲೆ ತಲೆಯ ಸುತ್ತ ಯಾರೋ ಒದ್ದೆ ಬೈರಾಸು ಸುತ್ತಿ ಹಿಂಡಿದ ಹಾಗೆ ನೋವು. ಕಣ್ಣಿನ ಮೇಲೆ ಭಾರ, ಕಿವಿಯ ಹಿಂದೆ ಭಾರ. ಮುಲಾಮು ತಿಕ್ಕಿದ, ಮಫ್ಲರ್ ಬಿಗಿದ, ಗಂಟೆಗೊಂದು ಚಾ ಕುಡಿದ. ತೊಂಬತ್ತೆಂಟರ ಡಿಸೆಂಬರಿನಲ್ಲಿ ಹನ್ನೊಂದು ದಿನ ಅಂಗಡಿಗೆ ಬಾಗಿಲು ಹಾಕಿದ. ಅಷ್ಟರಲ್ಲಿ ಮೇಲಿನ ರಸ್ತೆಯಲ್ಲಿ ಎ.ಸಿ. ಹಾಕಿದ ಹೊಸ ಸೆಲೂನ್ ಬಂತು, ತಿರುಗುವ ಮೂರು ಕುರ್ಚಿ ಬೇರೆ. ತಾರಾನಾಥನ ಹತ್ತಿರ ಉಳಿದದ್ದು ಆ ನೆಟಿಗೆ ಒಂದೇ.

"ಇನ್ನೊಂದು ಚಳಿಗಾಲ ಹೀಗೇ ಆದರೆ ಕುರ್ಚಿ ಮಾರಿ ಬೊಂಬಾಯಿಗೆ ಹೋಗುತ್ತೇನೆ. ನಿನ್ನ ಅಣ್ಣನ ಕ್ಯಾಂಟೀನಿನಲ್ಲಿ ಗ್ಲಾಸು ತೊಳೆಯಲಿಕ್ಕೆ ಕುತ್ತಿಗೆ ಬೇಡ ಅಲ್ವಾ" ಎಂದ ಹೆಂಡತಿಯ ಹತ್ತಿರ. ಕುಶಲಾ ಎಲೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಗ್ಲಾಸು ತೊಳೆಯುವುದೂ ತಲೆ ತಗ್ಗಿಸಿಯೇ" ಎಂದಳು.

ತೊಂಬತ್ತೊಂಬತ್ತರ ಕೊನೆಗೆ ಸೆಲೂನಿನ ಎದುರು ಬಾಡಿಗೆ ರೂಮುಗಳ ಮೂರು ಮಾಳಿಗೆಯ ಕಟ್ಟಡ ಏಳತೊಡಗಿತು. ಕಂಟ್ರಾಕ್ಟರ್ ಕಾರ್ಕಳದ ಜೋನ್. ಕೆಂಪು ಕಲ್ಲು ಕಾರ್ಕಳದ ಕಡೆಯಿಂದ ಲಾರಿಯಲ್ಲಿ ಬರುತ್ತಿತ್ತು, ಕೆಲಸದವರು ಹುನಗುಂದದ ಕಡೆಯಿಂದ ಬಸ್ಸಿನಲ್ಲಿ ಬಂದಿದ್ದರು. ಅವರಲ್ಲಿ ಗುರಲಿಂಗಪ್ಪ ಎಂಬ ಕಲ್ಲು ಕಟ್ಟುವವನು ಮೊದಲ ಭಾನುವಾರವೇ ತಾರಣ್ಣನ ಹೆಸರು ಕೇಳಿಕೊಂಡು ಬಂದು ಕುರ್ಚಿಯಲ್ಲಿ ಕೂತ. ಗಡ್ಡ ಆಯಿತು. ತಾರಾನಾಥ ಎರಡೂ ಕೈಯಲ್ಲಿ ತಲೆ ಹಿಡಿದ.

"ರೀ ಅಣ್ಣಾರ! ಅದೇನ್ ಮಾಡಾಕತ್ತೀರಿ?"

ಬಾಗಿಲಿನಲ್ಲಿ ಒಬ್ಬ ಹೆಂಗಸು. ನಲವತ್ತರ ಪ್ರಾಯ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕಡ್ಡಿಯ ಹಾಗೆ ನೆಟ್ಟಗೆ ನಿಂತಿದ್ದಳು. ಗುರಲಿಂಗಪ್ಪನ ಹೆಂಡತಿ ಯಮನವ್ವ. ಗಂಡಸರ ಸೆಲೂನಿನ ಬಾಗಿಲಿಗೆ ಹೆಂಗಸೊಬ್ಬಳು ಬಂದು ದಬಾಯಿಸುವುದೆಂದರೆ! ಬೆಂಚಿನಲ್ಲಿದ್ದವರು ಪೇಪರ್ ಕೆಳಗಿಳಿಸಿದರು.

"ನೆಟಿಗೆ ತೆಗೆಯುವುದು" ಎಂದ ತಾರಾನಾಥ.

"ಬ್ಯಾಡ್ರೀ. ಕುತ್ತಿಗಿ ಅಂದ್ರ ನಳ ಅಲ್ರೀ, ಹಂಗ ತಿರುವಾಕ."

"ಸುಮ್ಕಿರ, ಹಗುರ ಆಗತೈತಿ" ಎಂದ ಗುರಲಿಂಗಪ್ಪ.

"ಇವತ್ತ ಹಗುರ, ನಾಳಿಗಿ ಮತ್ತ ಅದs ಗೋಳು. ಏಳ ಮ್ಯಾಲ."

ಏಳು ಎಂದರೆ ಏಳು. ಗುರಲಿಂಗಪ್ಪ ಹಲ್ಲು ಕಿರಿದು ಎದ್ದೇ ಹೋದ. ಬೆಂಚಿನವರು ಹೊಟ್ಟೆ ಹಿಡಿದು ನಕ್ಕರು. ಟೈಲರ್ ಪರಮಾನಂದ ಮಾತ್ರ ನಗಲಿಲ್ಲ. ಅವನು ಒಂಬತ್ತು ವರ್ಷದಿಂದ ಭಾನುವಾರಕ್ಕೊಂದು ನೆಟಿಗೆ ತಪ್ಪಿಸದವನು, ಮಾತಿಗೂ ಜಿಪುಣ. ತಾರಾನಾಥನ ಮುಖ ಕೆಂಪಾಯಿತು. ಕಲ್ಲು ಹೊರುವವಳಿಗೆ ಕುತ್ತಿಗೆಯ ವಿಷಯ ಎಂತ ಗೊತ್ತು ಎಂದು ಇಡೀ ದಿನ ಗೊಣಗಿದ.

ಗೊಣಗಿದರೂ ಕನ್ನಡಿ ಇತ್ತಲ್ಲ! ಸೆಲೂನಿನ ಕನ್ನಡಿಯಲ್ಲಿ ಗಿರಾಕಿಯ ಮುಖದ ಹಿಂದೆ ಇಡೀ ರಸ್ತೆ ಕಾಣುತ್ತದೆ, ರಸ್ತೆಯ ಆಚೆ ಆ ಕಟ್ಟಡವೂ ಕಾಣುತ್ತಿತ್ತು. ಕತ್ತರಿ ಆಡಿಸುತ್ತ ಆಡಿಸುತ್ತ ತಾರಾನಾಥ ಅವಳನ್ನು ನೋಡಿದ. ಅವಳು ಹೊರುತ್ತಿದ್ದದ್ದು ಕೆಂಪು ಕಲ್ಲು. ಆ ಕಲ್ಲನ್ನು ಒಂದು ಸಲ ಎತ್ತಿ ನೋಡಿದವರಿಗೆ ಗೊತ್ತು, ಸೊಂಟ ಅಲ್ಲೇ ಲೆಕ್ಕ ಕೇಳುತ್ತದೆ. ಇಬ್ಬರು ಗಂಡಸರು ಹಿಡಿದು ಅವಳ ತಲೆಗೆ ಏರಿಸುತ್ತಿದ್ದರು. ತಲೆಯ ಮೇಲೆ ಹಳೇ ಸೀರೆ ಸುತ್ತಿದ ಸಿಂಬೆ, ಸಿಂಬೆಯ ಮೇಲೆ ಕಲ್ಲು. ಕೈ ಎರಡೂ ಕೆಳಗೆ. ಅಡ್ಡ ಪಟ್ಟಿ ಹೊಡೆದ ಮರದ ಹಲಗೆಯ ಮೇಲೆ, ಹಲಗೆ ಬಾಗಿ ಏಳುತ್ತಿದ್ದರೂ, ಅವಳು ಮೇಲೆ ಹೋಗುತ್ತಿದ್ದ ರೀತಿ! ತಲೆ ಒಂದು ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಅದರ ಮೇಲೆ ಜೊತೆಯವಳ ಹತ್ತಿರ ಮಾತು, ನಗು, ಕೆಳಗಿದ್ದ ಗಂಡನಿಗೆ ಒಂದು ಬೈಗುಳ. ಬೆಳಗಿನಿಂದ ಸಂಜೆಯವರೆಗೆ, ಅದೇ ಚಳಿಯಲ್ಲಿ, ಅದೇ ಗಾಳಿಯಲ್ಲಿ. ತಾರಾನಾಥ ಕತ್ತರಿ ಹಿಡಿದು ಬಾಯಿ ತೆರೆದು ನಿಂತುಬಿಡುತ್ತಿದ್ದ. "ತಾರಣ್ಣಾ, ಕಿವಿ ಉಳಿಸು" ಎಂದು ಗಿರಾಕಿಗಳು ಎಚ್ಚರಿಸಬೇಕಾಗುತ್ತಿತ್ತು.

ನನ್ನದು ಐವತ್ತು ಗ್ರಾಮಿನ ಕತ್ತರಿ, ಅವಳದು ಅಷ್ಟು ದೊಡ್ಡ ಕಲ್ಲು. ನೋವು ಮಾತ್ರ ನನಗೆ. ಇದು ಯಾವ ನ್ಯಾಯ ದೇವರೇ ಎಂದುಕೊಂಡ.

ಈಗ ಒಂದು ದಡ್ಡತನದ ಸಂಗತಿ ಹೇಳಬೇಕು. ಕ್ಷೌರಿಕನಿಗೆ ಕುತ್ತಿಗೆ ಹಿಡಿದರೆ ಅವನು ಎಲ್ಲಿಗೆ ಹೋಗುತ್ತಾನೆ? ಇನ್ನೊಬ್ಬ ಕ್ಷೌರಿಕನ ಹತ್ತಿರ! ಮಂಗಳವಾರ ಸೆಲೂನಿಗೆ ರಜೆ. ಡಿಸೆಂಬರಿನ ಎರಡನೇ ಮಂಗಳವಾರ ತಾರಾನಾಥ ಬಸ್ಸು ಹಿಡಿದು ಕಾಪುವಿಗೆ ಹೋಗಿ, ಒಟ್ಟಿಗೆ ಕೆಲಸ ಕಲಿತ ದೂಮಪ್ಪನ ಕುರ್ಚಿಯಲ್ಲಿ ಕೂತ. "ಬಿಗಿ ಹಿಡಿದಿದೆ, ಜೋರಾಗಿಯೇ ತೆಗೆ" ಎಂದ. ಗೆಳೆಯನಲ್ಲವೇ, ದೂಮಪ್ಪ ಮನಸ್ಸಿಟ್ಟು ತೆಗೆದ. ಲಟ್ ಎಂದಿತು. ಕನ್ನಡಿ ಎರಡಾಯಿತು. ದೂಮಪ್ಪ ಇಬ್ಬರಾದ. ನೆಲ ಎದ್ದು ಮೇಲೆ ಬಂತು. ವಾಂತಿ. ಎಡಗೈ ಜೋಮು ಹಿಡಿದು ಬಿಟ್ಟಿತು.

ಮಣಿಪಾಲದ ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿಸಿದರು. ನೋಡಿದ ಡಾಕ್ಟರಮ್ಮ ಸಣ್ಣ ಪ್ರಾಯದವರು, ಬೈಯಲಿಲ್ಲ. ಒಂದು ಕಾಗದದ ಮೇಲೆ ಕುತ್ತಿಗೆಯ ಚಿತ್ರ ಬರೆದು, ಎಲುಬಿನ ಬದಿಯಲ್ಲಿ ಎರಡು ಗೆರೆ ಎಳೆದರು. "ಇವು ಮಿದುಳಿಗೆ ರಕ್ತ ಹೋಗುವ ನಾಳಗಳು. ಎಲುಬಿನ ತೂತುಗಳ ಒಳಗಿನಿಂದಲೇ ಹಾದು ಹೋಗುತ್ತವೆ. ಜೋರಾಗಿ ತಿರುಚಿದರೆ ಒಳಗೆ ಹರಿಯಬಹುದು. ನೀವು ಉಳಿದದ್ದು ಪುಣ್ಯ. ಎಂತ ಕೆಲಸ ನಿಮ್ಮದು?"

"ಸೆಲೂನ್" ಎಂದ. ನೆಟಿಗೆಯ ಮಾತು ಎತ್ತಲಿಲ್ಲ.

ಆ ನಾಲ್ಕು ದಿನ ಅವನು ಕಂಡದ್ದೆಲ್ಲ ಕುತ್ತಿಗೆಗಳೇ. ನರ್ಸಿನದು, ಪಕ್ಕದ ಮಂಚದ ಮುದುಕನದು, ಮಗುವನ್ನು ಎತ್ತಿಕೊಂಡು ಹೋಗುವ ತಾಯಿಯದು. ಇಷ್ಟು ಸಪುರದ ಒಂದು ಕಂಬದಲ್ಲಿ ಉಸಿರು, ಅನ್ನ, ನೆತ್ತರು, ಮಾತು ಎಲ್ಲ ಹಾದುಹೋಗುತ್ತದಲ್ಲ! ಅದರ ಮೇಲೆ ಮನುಷ್ಯ ಇಡೀ ತಲೆಯನ್ನು ಇಟ್ಟುಕೊಂಡು ಓಡಾಡುತ್ತಾನಲ್ಲ! ಹದಿನೆಂಟು ವರ್ಷ ನಾನು ಇದನ್ನು ಹಿಡಿದು ತಿರುಚಿದ್ದೇನೆ, ಎಷ್ಟು ಸಾವಿರವೋ. ತನ್ನ ಕುತ್ತಿಗೆಯನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡು ಮಲಗಿದ.

ಆದರೆ ಅಂಗಡಿಗೆ ಮರಳಿದ ಭಾನುವಾರ ಬೆಂಚು ತುಂಬಿತ್ತು. ಪರಮಾನಂದ ಮೊದಲನೆಯವನಾಗಿ ಕೂತು ಕಾಲರ್ ಬಿಚ್ಚಿಯೂ ಆಗಿತ್ತು. ಹೇಳಲೇ? ಹೇಳಿದರೆ ಇವರೆಲ್ಲ ನಾಳೆ ಎ.ಸಿ. ಸೆಲೂನಿಗೆ. ತಾರಾನಾಥ ಹೇಳಲಿಲ್ಲ. ತಿರುಗಿಸಿದ, ಸ್ವಲ್ಪ ಮೆಲ್ಲಗೆ, ಕಣ್ಣು ಮುಚ್ಚಿ, ದೇವರ ಹೆಸರು ಹೇಳಿ. ನಾಚಿಕೆಗೇಡು. ಅವನಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಒಂದು ವರ್ಷ ಹಾಗೇ ನಡೆಸಿದ.

ತನ್ನ ಕುತ್ತಿಗೆಗೆ ಮಾತ್ರ ಬೇರೆ ದಾರಿ ಹುಡುಕಲೇಬೇಕಾಯಿತು. ಒಂದು ದಿನ ಬೆಳಿಗ್ಗೆ ಆರೂವರೆಗೇ ಬಂದು ಅಂಗಡಿಯ ಮೆಟ್ಟಿಲಲ್ಲಿ ಕೂತು ಎದುರಿನ ಶೆಡ್ಡಿನ ಕಡೆ ನೋಡಿದ. ಆಗ ತಿಳಿಯಿತು, ಅವನು ಕನ್ನಡಿಯಲ್ಲಿ ನೋಡುತ್ತಿದ್ದದ್ದು ಅರ್ಧ ಕತೆ ಮಾತ್ರ ಎಂದು.

ಯಮನವ್ವ ಮೂರು ಕಲ್ಲಿನ ಒಲೆಯ ಹತ್ತಿರ ಕೂತಿದ್ದಳು. ಕಿವಿ, ಕುತ್ತಿಗೆ ಎಲ್ಲ ಮುಚ್ಚುವ ಹಾಗೆ ಹಳೇ ಸೀರೆಯ ತುಂಡು ಸುತ್ತಿದ್ದಳು. ಸಿಂಬೆಯ ಬಟ್ಟೆಯನ್ನು ಬಿಸಿ ಪಾತ್ರೆಯ ಮೇಲೆ ಇಟ್ಟು, ಬೆಚ್ಚಗಾದದ್ದನ್ನು ತೆಗೆದು ಹಿಂದಲೆಯ ಬುಡಕ್ಕೆ ಒತ್ತಿ ಕೂತಳು, ಆರಿದ ಮೇಲೆ ಇನ್ನೊಮ್ಮೆ. ಆಮೇಲೆ ಗಲ್ಲವನ್ನು ಮೆಲ್ಲಗೆ ಎದೆಗೆ ತಂದಳು. ಕಿವಿಯನ್ನು ಭುಜದ ಕಡೆಗೆ, ಈ ಬದಿ, ಆ ಬದಿ. ಎರಡೂ ಭುಜಗಳನ್ನು ಹಿಂದಕ್ಕೆ ಸುತ್ತಿಸಿದಳು. ಎಲ್ಲ ನಿಧಾನ, ಎಲ್ಲಿಯೂ ಜಗ್ಗಾಟ ಇಲ್ಲ. ಒಂದು ಚೊಂಬು ಅಂಬಲಿ, ಅದರ ಮೇಲೆ ಒಂದು ಚೊಂಬು ಬೆಚ್ಚಗಿನ ನೀರು. ಆಮೇಲಾದರೂ ಕಲ್ಲು ಎತ್ತಿದಳೋ? ಇಲ್ಲ! ಖಾಲಿ ಬಾಂಡ್ಲಿಯನ್ನು ತಲೆಯ ಮೇಲಿಟ್ಟುಕೊಂಡು ಮಾಳಿಗೆ ಹತ್ತಿ ಇಳಿದಳು. ಎರಡನೇ ಸಲ ಅರ್ಧ ಬಾಂಡ್ಲಿ ಮರಳು. ಐದನೇ ಸಲಕ್ಕೆ ಕಲ್ಲು. ಬಿಸಿಲು ಏರಿ ಬೆವರು ಬಂದಾಗ ಕುತ್ತಿಗೆಯ ಬಟ್ಟೆ ಬಿಚ್ಚಿ, ಒರೆಸಿಕೊಂಡು, ಒಣಗಿದ ಬೇರೆ ತುಂಡು ಹೆಗಲಿಗೆ ಹಾಕಿದಳು. ಮೇಲೆ ಹೋಗಿ ಕಲ್ಲು ಇಳಿಸಿದಾಗಲೆಲ್ಲ ಹತ್ತು ಎಣಿಸುವಷ್ಟು ಹೊತ್ತು ಮೂಡು ದಿಕ್ಕಿಗೆ, ದೂರದಲ್ಲಿ ನೀಲಿಯಾಗಿ ಕಾಣುವ ಘಟ್ಟದ ಗೆರೆಯನ್ನು ನೋಡುತ್ತ ನಿಲ್ಲುತ್ತಿದ್ದಳು. ಅದರಾಚೆ ಅವಳ ಊರು.

ಒಂದು ವಾರ ನೋಡಿದ ತಾರಾನಾಥ. ಒಂದು ದಿನವೂ ಅವಳು ಇದರಲ್ಲಿ ಒಂದನ್ನೂ ಬಿಡಲಿಲ್ಲ. ದೇವಸ್ಥಾನದ ಭಟ್ಟರು ಬಿಟ್ಟಾರು, ಇವಳು ಬಿಡುವುದಿಲ್ಲ. ಎಂಟನೇ ದಿನ ನಾಚಿಕೆ ಬಿಟ್ಟು ರಸ್ತೆ ದಾಟಿದ.

"ಯಮನಕ್ಕ, ಒಂದು ಕೇಳಬೇಕಿತ್ತು. ಇಷ್ಟು ಹೊತ್ತರೂ ನಿಮಗೆ ತಲೆನೋವು ಬರುವುದಿಲ್ಲವಾ?"

ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ನಿಮಗ ಬರತೈತಿ, ಹೌದಿಲ್ರೀ?"

"ಹೇಗೆ ಗೊತ್ತಾಯಿತು?"

"ನಿಂತಿದ್ದು ನೋಡ್ರಿ ಹ್ಯಾಂಗ ನಿಂತೀರಿ. ಚಳಿ ಬಂತಂದ್ರ ಮಂದಿ ಆಮಿ ಆಗಿಬಿಡ್ತಾರ್ರೀ. ಹೆಗಲ ಮ್ಯಾಲ ಎಳಕೊಂಡು, ಕುತ್ತಿಗಿ ಒಳಗ ಹಾಕ್ಕೊಂಡು, ಹಲ್ಲ ಕಚ್ಕೊಂಡು ನಿಂತಿರ್ತಾರ. ಆ ಬಿಗಿನs ತಲಿಗಿ ಏರತೈತಿ. ತಲಿ ಮ್ಯಾಲ ಕಲ್ಲ ಇದ್ರ ಹಂಗ ನಿಲ್ಲಾಕ ಆಗೂದಿಲ್ರೀ. ಹೆಗಲ ಎತ್ತಿದ್ರ ಕಲ್ಲ ಬೀಳತೈತಿ. ಹಲ್ಲ ಕಚ್ಚಿದ್ರ ಉಸಿರ ಕಟ್ಟತೈತಿ. ಅದಕ್ಕs ನಾವು ಮಾತಾಡ್ಕೋತ ಹೋಗೂದು." ಅವಳು ತನ್ನ ಹಿಂದಲೆಯನ್ನು ಅಂಗೈಯಿಂದ ಮುಟ್ಟಿದಳು. "ನನಗ ಹೊಲ ಇಲ್ರೀ ಅಣ್ಣಾರ. ಇದs ನನ್ನ ಹೊಲ. ದಿನಾ ನೋಡ್ಕೋಬೇಕು."

ತಾರಾನಾಥ ಅಂಗಡಿಗೆ ಬಂದು ಕನ್ನಡಿಯ ಎದುರು ನಿಂತ. ಹದಿನೆಂಟು ವರ್ಷ ಆ ಕನ್ನಡಿಯಲ್ಲಿ ಬೇರೆಯವರ ತಲೆ ನೋಡಿದ್ದ. ತನ್ನ ಭುಜ ನೋಡಿರಲಿಲ್ಲ. ಎರಡೂ ಭುಜ ಕಿವಿಯ ಹತ್ತಿರ ಹೋಗಿ ಕೂತಿದ್ದವು, ಹಲ್ಲು ಕಚ್ಚಿ ದವಡೆ ಉಬ್ಬಿತ್ತು. ಭುಜ ಕೆಳಗಿಳಿಸಿದ. ಅಬ್ಬ, ಎಷ್ಟು ಕೆಳಗೆ ಹೋದವು! ಅವು ಹೋಗುವ ಜಾಗ ಅಷ್ಟು ಕೆಳಗೆ ಉಂಟೆಂದೇ ಅವನಿಗೆ ಮರೆತುಹೋಗಿತ್ತು.

ಮರುದಿನದಿಂದ ಮನೆಯ ಅಂಗಳದಲ್ಲಿ ಹೊಸ ನಾಟಕ. ಬಿಸಿ ಬೈರಾಸು ಕುತ್ತಿಗೆಗೆ, ಆಮೇಲೆ ಕುಶಲಾಳ ಬೀಡಿ ಎಲೆಯ ಮೊರ ತಲೆಗೆ. ಮೊರ ಇಟ್ಟುಕೊಂಡು ಬಾವಿಯಿಂದ ಗೇಟಿನವರೆಗೆ ಹೋಗುವುದು, ಬರುವುದು. "ಮಂಡೆ ಸಮ ಉಂಟಾ ನಿಮಗೆ?" ಎಂದು ಕುಶಲಾ ನಕ್ಕು ನಕ್ಕು ಸಾಕಾದಳು. ಎರಡು ವಾರ ಕಳೆದು ಅವಳೂ ಮೊರ ಇಟ್ಟುಕೊಂಡಳು. ಬೀಡಿಗೆ ಬಗ್ಗಿ ಬಗ್ಗಿ ಅವಳ ಕುತ್ತಿಗೆಯೂ ಕಲ್ಲಾಗಿತ್ತಲ್ಲ, ಹೇಳಿಕೊಂಡಿರಲಿಲ್ಲ ಅಷ್ಟೇ. ಅಂಗಡಿಯಲ್ಲಿ ತಾರಾನಾಥ ಕುರ್ಚಿಯ ಕೆಳಗೆ ಮರದ ತುಂಡು ಕೊಟ್ಟು ಗಿರಾಕಿಯನ್ನು ಮೇಲೆ ತಂದ, ತಾನು ಬಗ್ಗುವುದು ತಪ್ಪಿತು. ಫ್ಯಾನನ್ನು ಬದಿಗೆ ಸರಿಸಿದ. ಎರಡು ತಲೆಗೊಮ್ಮೆ ಹೊರಗೆ ಬಂದು ನೀರು ಕುಡಿದು ದೂರ ನೋಡಿದ. ತಲೆನೋವು ಒಂದೇ ದಿನಕ್ಕೆ ಓಡಿಹೋಗಲಿಲ್ಲ, ಸುಳ್ಳು ಯಾಕೆ ಹೇಳಬೇಕು. ವಾರಕ್ಕೆ ನಾಲ್ಕು ಸಲ ಬರುವುದು ಎರಡಾಯಿತು, ಆಮೇಲೆ ಒಂದು. ಎರಡು ಸಾವಿರದ ಡಿಸೆಂಬರಿನಲ್ಲಿ ಅಂಗಡಿಗೆ ಒಂದು ದಿನವೂ ಬಾಗಿಲು ಬೀಳಲಿಲ್ಲ. ಬೊಂಬಾಯಿಯ ಮಾತನ್ನು ಯಾರೂ ಎತ್ತಲಿಲ್ಲ.

ಗಿರಾಕಿಗಳ ನೆಟಿಗೆ ಮಾತ್ರ ನಡೆಯುತ್ತಲೇ ಇತ್ತು.

ಎರಡು ಸಾವಿರದ ಒಂದರ ಜನವರಿ, ಒಂದು ಭಾನುವಾರ. ಎದುರಿನ ಕಟ್ಟಡದ ಕೊನೆಯ ಸ್ಲ್ಯಾಬ್ ಹಾಕುವ ದಿನ. ಸ್ಲ್ಯಾಬ್ ಎಂದರೆ ಮದುವೆ ಮನೆಯ ಗೌಜಿ. ಏಳು ಗಂಟೆಗೇ ಮಿಕ್ಸರ್ ಗಡಗಡ ಶುರುವಾಯಿತು, ಹಲಗೆಯುದ್ದಕ್ಕೂ ಹೆಂಗಸರ ಸಾಲು. ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಕಾಂಕ್ರೀಟು ಗಟ್ಟಿಯಾಗುತ್ತದೆ. ಆ ಸಾಲಿನ ಮುಂದೆ ಯಾವತ್ತೂ ಯಮನವ್ವ. ಅವಳ ಹೆಜ್ಜೆಗೆ ಉಳಿದವರ ಹೆಜ್ಜೆ.

ಎಂಟು ಗಂಟೆಯ ಹೊತ್ತಿಗೆ ಸೆಲೂನಿನ ಬಾಗಿಲಿನಲ್ಲಿ ಗದ್ದಲ. ಜೋನ್ ಮುಂದೆ, ಗುರಲಿಂಗಪ್ಪ ಹಿಂದೆ, ನಡುವೆ ಯಮನವ್ವ. ಅವಳ ತಲೆ ಬಲಕ್ಕೆ ವಾಲಿ ಹಾಗೇ ನಿಂತುಬಿಟ್ಟಿತ್ತು. ನೋಡಬೇಕಾದರೆ ಇಡೀ ಮೈ ತಿರುಗಿಸುತ್ತಿದ್ದಳು. ಕಣ್ಣಿನಲ್ಲಿ ನೀರು ತುಂಬಿತ್ತು. ಹಿಂದಿನ ದಿನ ಹೆಬ್ರಿಯಲ್ಲಿ ಕಲ್ಲು ಕೆಲಸಕ್ಕಿದ್ದ ತಂಗಿಯ ಮಗಳ ಸೀಮಂತಕ್ಕೆ ಹೋಗಿದ್ದವಳು, ಸ್ಲ್ಯಾಬಿಗೆ ತಪ್ಪಬಾರದೆಂದು ಮಂಜು ಬೀಳುವಾಗಲೇ ತೆರೆದ ಟೆಂಪೋದ ಹಿಂದೆ ಕೂತು ಹೊರಟಿದ್ದಳು. ಕಬ್ಬಿಣದ ಸರಳಿಗೆ ತಲೆ ಒರಗಿಸಿದಲ್ಲೇ ನಿದ್ದೆ ಬಂದಿತ್ತು. ಇಳಿಯುವಾಗ ಮಿಕ್ಸರ್ ತಿರುಗುತ್ತಿತ್ತು. ಒಲೆ ಇಲ್ಲ, ಬಿಸಿ ಬಟ್ಟೆ ಇಲ್ಲ, ಖಾಲಿ ಬಾಂಡ್ಲಿ ಇಲ್ಲ. ಮೊದಲನೆಯದೇ ತುಂಬಿದ ಬಾಂಡ್ಲಿ. ಮೂರನೇ ಸಲಕ್ಕೆ ಕುತ್ತಿಗೆ ಕಚ್ಚಿಕೊಂಡಿತು.

"ತಾರಣ್ಣಾ, ಒಂದು ನೆಟಿಗೆ ತೆಗೆದು ಕಳಿಸು ಮಾರಾಯ" ಎಂದ ಜೋನ್. "ಅಲ್ಲಿ ಸಾಲು ತುಂಡಾಗಿದೆ. ನಿನಗೆ ಎರಡು ನಿಮಿಷದ ಕೆಲಸ."

ಬೆಂಚಿನಲ್ಲಿ ಐದು ಮಂದಿ. ಪರಮಾನಂದನನ್ನು ಬಿಟ್ಟು ಎಲ್ಲರ ಮುಖದಲ್ಲೂ ನಗು. "ನಳ ಅಲ್ಲ ಅಂದಿದ್ದವಳು ಈಗ ನಳ ತಿರುಗಿಸುವವನ ಹತ್ತಿರವೇ ಬಂದಳಲ್ಲ" ಎಂದ ಒಬ್ಬ.

ಯಮನವ್ವ ಕುರ್ಚಿಯಲ್ಲಿ ಕೂತಳು. ಆ ಕುರ್ಚಿಯಲ್ಲಿ ಅದುವರೆಗೆ ಒಬ್ಬ ಹೆಂಗಸೂ ಕೂತಿರಲಿಲ್ಲ. "ತಿರುವಿಬಿಡ್ರಿ ಅಣ್ಣಾರ" ಎಂದಳು. ದನಿ ಸಣ್ಣಗಾಗಿತ್ತು. "ನನ್ನ ತಪ್ಪು ನಾನs ಮಾಡ್ಕೊಂಡೀನಿ. ಇವತ್ತ ನಾ ಹೋಗಲಿಲ್ಲಂದ್ರ ಮುಂದಿನ ಕಟ್ಟಡಕ್ಕ ನಮ್ಮನ್ನ ಕರಿಯೂದಿಲ್ಲ. ತಿರುವ್ರಿ."

ತಾರಾನಾಥ ಅವಳ ಹಿಂದೆ ನಿಂತ. ಕೈ ಅಭ್ಯಾಸಬಲದಿಂದ ಏರಿತು. ಒಂದು ಗಲ್ಲಕ್ಕೆ, ಒಂದು ಹಿಂದಲೆಗೆ. ನೋಡಿ, ಇಡೀ ಪೇಟೆಯ ಎದುರು ಅವನ ಮರ್ಯಾದೆ ತೆಗೆದವಳು ತಾನಾಗಿ ಬಂದು ತಲೆ ಒಪ್ಪಿಸಿದ್ದಾಳೆ. ಗೆದ್ದ ಹಾಗೇ ಅಲ್ವಾ? ಒಂದು ಲಟ್ ಎನಿಸಿದರೆ ನಾಳೆಯಿಂದ ಕಾರ್ಕಳದವರೆಗೂ ಅವನದೇ ಹೆಸರು. ಆದರೆ ಅಂಗೈಗೆ ತಾಗಿದ್ದು ಬಿಸಿ ಚರ್ಮ, ಅದರ ಕೆಳಗೆ ಟಕಟಕ ಹೊಡೆದುಕೊಳ್ಳುತ್ತಿದ್ದ ನಾಡಿ. ಡಾಕ್ಟರಮ್ಮ ಎಳೆದ ಎರಡು ಗೆರೆ ಅಲ್ಲೇ ಎಲ್ಲೋ ಇದ್ದವು. ಒಂದು ಮನೆಯ ಅನ್ನ ಅದರ ಮೇಲೆ ನಿಂತಿತ್ತು. ಎಷ್ಟೋ ಮನೆಗಳ ಗೋಡೆ ಅದರ ಮೇಲೆ ಹಾದು ಬಂದಿತ್ತು.

ಕೈ ಇಳಿಸಿದ.

"ನಾನು ತೆಗೆಯುವುದಿಲ್ಲ" ಎಂದ.

"ಎಂತ ಮಾರಾಯ, ಹೆಂಗಸು ಅಂತ ನಾಚಿಕೆಯಾ?" ಎಂದ ಜೋನ್.

"ಅಲ್ಲ. ಇವರದ್ದೂ ತೆಗೆಯುವುದಿಲ್ಲ, ಇನ್ನು ಯಾರದ್ದೂ ತೆಗೆಯುವುದಿಲ್ಲ." ಬೆಂಚಿನ ಕಡೆ ತಿರುಗಿದ. "ಆಚೆ ವರ್ಷ ನಾನು ಆಸ್ಪತ್ರೆಯಲ್ಲಿ ಮಲಗಿದ್ದು ಪಿತ್ತದಿಂದ ಅಂತ ಹೇಳಿದ್ದೆ. ಸುಳ್ಳು. ದೂಮಪ್ಪನ ಹತ್ತಿರ ನೆಟಿಗೆ ತೆಗೆಸಿ ಸಾಯಲಿಕ್ಕೆ ಹೊರಟಿದ್ದೆ. ತಿರುಚಿದರೆ ಒಳಗಿನ ನಾಳ ಹರಿಯಬಹುದು ಅಂತ ಡಾಕ್ಟ್ರು ಹೇಳಿದ್ದಾರೆ. ಗೊತ್ತಿದ್ದೂ ನಿಮ್ಮದು ತೆಗೆದೆ. ನನ್ನದು ತಪ್ಪಾಯಿತು."

ಒಬ್ಬ ಎದ್ದು ಚಪ್ಪಲಿ ಹಾಕಿಕೊಂಡ. "ಒಂದು ವರ್ಷ ನಮ್ಮ ಕುತ್ತಿಗೆಯಲ್ಲಿ ಆಟ ಆಡಿದೆಯಾ?" ಎಂದು ಉಗಿದು ಹೋದ. ಅವನ ಹಿಂದೆ ಇನ್ನೊಬ್ಬ. ಮತ್ತೂ ಇಬ್ಬರು. ಜೋನ್ ಬಾಯಿಗೆ ಬಂದದ್ದು ಬೈದು, ಗುರಲಿಂಗಪ್ಪನನ್ನು ಎಳೆದುಕೊಂಡು ಸ್ಲ್ಯಾಬಿನ ಹತ್ತಿರ ಓಡಿದ. ಬೆಂಚಿನಲ್ಲಿ ಉಳಿದದ್ದು ಪರಮಾನಂದ ಒಬ್ಬನೇ, ಪೇಪರ್ ಮಡಚಿ ತೊಡೆಯ ಮೇಲೆ ಇಟ್ಟುಕೊಂಡು.

ತಾರಾನಾಥ ಸ್ಟೌ ಹಚ್ಚಿ ನೀರಿಟ್ಟ. ಟವೆಲ್ ಅದ್ದಿ, ಹಿಂಡಿ, ತನ್ನ ಮೊಣಕೈ ಒಳಗೆ ಇಟ್ಟು ಬಿಸಿ ನೋಡಿ, ಯಮನವ್ವನ ಕುತ್ತಿಗೆಗೆ ಸುತ್ತಿದ. ಆರಿದ ಕೂಡಲೇ ಇನ್ನೊಂದು. ಬಾಗಿಲಿನಿಂದ ಗಾಳಿ ಬಾರದ ಹಾಗೆ ಪರದೆ ಎಳೆದ. ಬೆಚ್ಚಗಿನ ನೀರು ಕುಡಿಸಿದ. "ಭುಜ ಇಳಿಸಿ ಯಮನಕ್ಕ. ಹಲ್ಲು ಬಿಡಿ" ಎಂದ. ಅವಳದೇ ಮಾತು, ಅವಳಿಗೇ! ಆ ನೋವಿನಲ್ಲೂ ಅವಳ ತುಟಿ ಅಲುಗಿತು.

"ಎಷ್ಟ ಹೊತ್ತ್ರೀ?" ಎಂದಳು.

"ಗೊತ್ತಿಲ್ಲ. ಕಾಯುವ."

ಅಂಗೈಯನ್ನು ಟವೆಲಿನ ಮೇಲೆ ಸುಮ್ಮನೆ ಇಟ್ಟು ನಿಂತ. ಒತ್ತಲಿಲ್ಲ, ಎಳೆಯಲಿಲ್ಲ. ಎದುರು ಮಿಕ್ಸರ್ ಗಡಗಡ ಎನ್ನುತ್ತಿತ್ತು, ಜೋನ್ ಕಿರಿಚುತ್ತಿದ್ದ. ಅರ್ಧ ಗಂಟೆ ಹೋಯಿತು, ಮುಕ್ಕಾಲು ಹೋಯಿತು. ಆಗ ಅವನ ಕೈಯ ಕೆಳಗೆ ಏನೋ ಸಡಿಲಾಯಿತು. ಗಂಟು ಬಿಚ್ಚಿದ ಹಾಗೆ ಮೊದಲು ಒಂದು ಬದಿ, ಸ್ವಲ್ಪ ಹೊತ್ತಿಗೆ ಇನ್ನೊಂದು ಬದಿ. ಯಮನವ್ವನ ತಲೆ ಮೆಲ್ಲಗೆ, ತಾನಾಗಿ, ನೆಟ್ಟಗಾಯಿತು. ಆಮೇಲೆ ಬೆರಳಷ್ಟು ಬೆರಳಷ್ಟೇ ಎಡಕ್ಕೆ ತಿರುಗಿತು. ಪೂರ್ತಿ ಅಲ್ಲ, ಅರ್ಧ. ಸದ್ದಿಲ್ಲ, ಏನಿಲ್ಲ. ತಾರಾನಾಥನ ಕೈ ಏನೂ ಮಾಡಿರಲಿಲ್ಲ. ಕುತ್ತಿಗೆಗೆ ದಾರಿ ಗೊತ್ತಿತ್ತು. ಎಷ್ಟು ಸಾವಿರ ಸಲ ಇದು ಹೀಗೇ ತಾನಾಗಿ ತಿರುಗುತ್ತಿತ್ತೋ, ನಾನು ಕಾಯಲೇ ಇಲ್ಲವಲ್ಲ ಎಂದು ಅವನಿಗೆ ದುಃಖ ಉಕ್ಕಿ ಬಂತು.

"ಇವತ್ತು ಹೊರಬೇಡಿ" ಎಂದ. "ನಾಳೆಯೂ ಬೇಡ. ಕೈಯಲ್ಲಿ ಜೋಮು ಬಂದರೆ, ತಲೆ ತಿರುಗಿದರೆ ಸೀದಾ ಆಸ್ಪತ್ರೆಗೆ."

ಯಮನವ್ವ ಎದ್ದು ನಿಂತು ಬಾಗಿಲಿನ ಪರದೆ ಸರಿಸಿದಳು. ಎದುರು ಹಲಗೆಯ ಮೇಲೆ ಸಾಲು ಮತ್ತೆ ಕೂಡಿಕೊಂಡಿತ್ತು, ಅವಳಿಲ್ಲದೆ. "ಜೋನಪ್ಪ ಇನ್ನ ನಮ್ಮನ್ನ ಕರಿಯೂದಿಲ್ರೀ" ಎಂದಳು. "ಇರಲಿ. ಹೊಲ ಉಳೀತು." ಸೆರಗನ್ನು ಕುತ್ತಿಗೆಯ ಸುತ್ತ ಎಳೆದುಕೊಂಡು ನಿಧಾನಕ್ಕೆ ರಸ್ತೆ ದಾಟಿದಳು.

ತಾರಾನಾಥ ಬೆಂಚಿನ ಕಡೆ ನೋಡಿದ. ಹತ್ತು ವರ್ಷದ ಗಿರಾಕಿ, ಇವನೂ ಎದ್ದರೆ ಅಂಗಡಿಯ ಕತೆ ಮುಗಿಯಿತು. ಪರಮಾನಂದ ಎದ್ದ. ಪೇಪರನ್ನು ಬೆಂಚಿನ ಮೇಲೆ ಇಟ್ಟ. ಬಾಗಿಲಿನ ಕಡೆ ನೋಡಿದ, ಕುರ್ಚಿಯ ಕಡೆ ನೋಡಿದ. ಆಮೇಲೆ ಬಂದು ಕುರ್ಚಿಯಲ್ಲಿ ಕೂತು, ಕಾಲರಿನ ಗುಂಡಿ ಬಿಚ್ಚಿ, ತಲೆ ತಗ್ಗಿಸಿದ. ವರ್ಷಾನುಗಟ್ಟಲೆ ಹೊಲಿಗೆ ಯಂತ್ರಕ್ಕೆ ಬಗ್ಗಿದ ಕುತ್ತಿಗೆ, ನರೆತ ಕೂದಲ ಕೆಳಗೆ ಎರಡು ಸಪುರದ ನರ.

"ನೀರು ಬಿಸಿ ಉಂಟಾ?" ಎಂದು ಕೇಳಿದ.

"ಉಂಟು" ಎಂದ ತಾರಾನಾಥ. ಟವೆಲ್ ಹಿಂಡಿ ತಂದು ಆ ಕುತ್ತಿಗೆಯ ಮೇಲೆ ಇಡುವಾಗ, ಹತ್ತು ವರ್ಷ ತಾನು ತಿರುಚಿದ ಕುತ್ತಿಗೆ ಇದೇ ಎಂದು ನೆನಪಾಗಿ, ಈ ಕೆಲಸಕ್ಕೆ ಬಂದ ಮೇಲೆ ಮೊದಲ ಸಲ, ಅವನ ಕೈ ಹೆದರಿತು.